ಬ್ಯಾಟರಿ ಬೈರಿಗೆ: ಕೊಳ್ಳುವ ಮುನ್ನ ಗೋಡೆ ತಟ್ಟಿ ನೋಡಿ



ಮನೆ ರಿಪೇರಿಗೆ ಕೈಹಾಕಿದ ಸದಸ್ಯರು ಈಚೆಗೆ ನಮ್ಮನ್ನು ಕೇಳುವ ಮೊದಲ ಪ್ರಶ್ನೆ, ವೈರ್ ಇಲ್ಲದ ಡ್ರಿಲ್ಲಿಂಗ್ ಮಿಷಿನ್ ತೆಗೆದುಕೊಳ್ಳಬಹುದೇ, ಯಾವುದು ಒಳ್ಳೆಯದು ಎಂದು. ಎರಡು ಬ್ಯಾಟರಿ, ಚಾರ್ಜರ್, ಪೆಟ್ಟಿಗೆ ಸಮೇತ ಒಳ್ಳೆಯ ಕಂಪನಿಯ ಸೆಟ್ಟಿಗೆ ಸುಮಾರು 12 ಸಾವಿರದಿಂದ 30 ಸಾವಿರದವರೆಗೆ ಆಗುತ್ತದೆ. ಪೆನ್ಷನ್ ಹಣದಲ್ಲಿ ಇದು ಸಣ್ಣ ಮೊತ್ತವಲ್ಲ. ಪೆಟ್ಟಿಗೆಯ ಮೇಲಿನ ಬರಹವೆಲ್ಲ ಇಂಗ್ಲಿಷಿನಲ್ಲಿ, ಅಂಗಡಿಯವರಿಗೆ ಬಿಡಿಸಿ ಹೇಳಲು ಪುರುಸೊತ್ತಿಲ್ಲ. ಆದ್ದರಿಂದ ತಿಳಿದವರನ್ನು ಕೇಳಿ, ಕೈಪಿಡಿಗಳನ್ನು ಓದಿ, ನಮ್ಮ ಕಡೆಯ ಮನೆಗಳಿಗೆ ಬೇಕಾದಷ್ಟನ್ನು ಇಲ್ಲಿ ಬರೆದಿದ್ದೇವೆ. ಸಿಪ್‌ಕಾಟ್ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಸದಸ್ಯರಿಗೆ ಇದರಲ್ಲಿ ಹೊಸದೇನೂ ಇರಲಾರದು. ಉಳಿದವರಿಗಾಗಿ ಈ ಲೇಖನ.

ಇದಕ್ಕೆ ನಮ್ಮಲ್ಲಿ ಹಳೆಯ ಹೆಸರೇ ಇದೆ, ಬೈರಿಗೆ. ಆಚಾರಿಗಳು ಹಗ್ಗ ಎಳೆದು ತಿರುಗಿಸಿ ಮರಕ್ಕೆ ತೂತು ಹಾಕುತ್ತಿದ್ದ ಸಾಧನ. ಹೊಸೂರಿನ ಅಂಗಡಿಯಲ್ಲಿ ಬೈರಿಗೆ ಕೊಡಿ ಎಂದರೆ ಯಾರಿಗೂ ಅರ್ಥವಾಗದು, ಅದು ಬೇರೆ ಮಾತು. ಬ್ಯಾಟರಿಯ ಬೈರಿಗೆಯನ್ನು ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿ 1961ರಲ್ಲೇ ಮಾರುಕಟ್ಟೆಗೆ ತಂದಿತು. ಇದು ನಾಸಾದವರ ಆವಿಷ್ಕಾರ ಎಂದು ವಾಟ್ಸಾಪಿನಲ್ಲಿ ಓಡಾಡುವುದು ಸರಿಯಲ್ಲ. 1971ರಲ್ಲಿ ಅಪೊಲೊ 15ರ ಗಗನಯಾತ್ರಿಗಳು ಚಂದ್ರನ ನೆಲ ಕೊರೆಯಲು ಬ್ಯಾಟರಿ ಡ್ರಿಲ್ ಬಳಸಿದ್ದು ನಿಜ, ಆದರೆ ಆ ವೇಳೆಗೆ ಅದು ಅಂಗಡಿಗೆ ಬಂದು ಹತ್ತು ವರ್ಷವಾಗಿತ್ತು. ಈಗ ನಾವು ಕಾಣುವ ಹಗುರ, ಬಲವಾದ ಲಿಥಿಯಂ ಬ್ಯಾಟರಿಗಳು ಈ ಉಪಕರಣಗಳಿಗೆ ಬಂದದ್ದು 2003ರಿಂದ ಈಚೆಗೆ.

ಮೊದಲು ಗೋಡೆ

ಯಾವ ಕಂಪನಿ ಎಂದು ಕೇಳುವ ಮುಂಚೆ ನಿಮ್ಮ ಮನೆಯ ಗೋಡೆ ಯಾವುದು ಎಂದು ತಿಳಿದುಕೊಳ್ಳಿ. ನಮ್ಮ ಕಡೆ ಒಂದೇ ಮನೆಯಲ್ಲಿ ನಾಲ್ಕು ಬಗೆಯ ಗೋಡೆ ಇರುವುದು ಅಪರೂಪವಲ್ಲ. ಅಜ್ಜನ ಕಾಲದ ಮುಂಭಾಗ ಕಲ್ಲಿನದು, ಮೇಲೆ ಚಪ್ಪಡಿ ಹಾಸು. ನಡುಮನೆ ಇಟ್ಟಿಗೆಯದು, ಬಹುಶಃ ಮಾಲೂರಿನಿಂದ ಲಾರಿಯಲ್ಲಿ ಬಂದದ್ದು. ಹಿಂದೆ ಸೇರಿಸಿದ ಕೋಣೆ ಸಿಮೆಂಟ್ ಬ್ಲಾಕಿನದು. ಮೊನ್ನೆ ಕಟ್ಟಿದ ಮಹಡಿ ಹಗುರವಾದ ಬಿಳಿ ಎಎಸಿ ಬ್ಲಾಕಿನದು. ಮೇಲೆ ಗಾರೆ, ಪಟ್ಟಿ, ಬಣ್ಣ ಹೊಡೆದ ಮೇಲೆ ನೋಡುವುದಕ್ಕೆ ಎಲ್ಲವೂ ಒಂದೇ. ಕೊರೆಯುವಾಗ ಒಂದೊಂದೂ ಒಂದೊಂದು ರೀತಿ.

ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಹಾಲೋ ಬ್ಲಾಕ್ ಇರಬಹುದು (ಗಾರೆ ಬಿಟ್ಟುಕೊಂಡಿದ್ದರೂ ಹೀಗೇ ಸದ್ದು ಬರುತ್ತದೆ). ಇನ್ನೂ ಖಚಿತವಾಗಬೇಕೆಂದರೆ ಕಪಾಟಿನ ಹಿಂದೆ, ಕಾಣದ ಕಡೆ ಸಣ್ಣ ಬಿಟ್ಟಿನಿಂದ ಒಂದು ತೂತು ಹಾಕಿ ಹೊರಬರುವ ಪುಡಿ ನೋಡಿ. ಕೆಂಪು ಪುಡಿ ಇಟ್ಟಿಗೆ. ಬೂದು ಬಣ್ಣದ್ದು ಸಿಮೆಂಟ್ ಬ್ಲಾಕ್ ಅಥವಾ ಕಾಂಕ್ರೀಟ್. ಹಿಟ್ಟಿನಂತೆ ನಯವಾಗಿ, ಬಿಳಿಯಾಗಿ ಉದುರಿ, ಬಿಟ್ಟು ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಎಎಸಿ. ಒಂದು ನಿಮಿಷ ಒತ್ತಿದರೂ ಗಾರೆಯ ದಪ್ಪ ದಾಟಿ ಮುಂದೆ ಹೋಗದೆ ಬಿಟ್ಟಿನ ತುದಿ ಸುಡುತ್ತಿದ್ದರೆ ಅದು ಕಲ್ಲು.

ಇಟ್ಟಿಗೆ, ಸಾಲಿಡ್ ಬ್ಲಾಕ್ ಗೋಡೆಗಳಿಗೆ ಬ್ಯಾಟರಿಯ ಹ್ಯಾಮರ್ ಡ್ರಿಲ್ ಸಾಕು. 4 ಇಂಚಿನ ಅಡ್ಡಗೋಡೆಯಾದರೆ ಆಚೆ ಕೋಣೆಗೆ ತೂತು ಬೀಳದಂತೆ ಬಿಟ್ಟಿಗೆ ಟೇಪು ಸುತ್ತಿ ಆಳ ಗುರುತಿಸಿಕೊಳ್ಳಿ. ಹಾಲೋ ಬ್ಲಾಕಿಗೂ ಎಎಸಿಗೂ ಹ್ಯಾಮರ್ ಬೇಡವೇ ಬೇಡ, ಬರೀ ತಿರುಗುವ ಚಾಲನೆಯಲ್ಲೇ ಕೊರೆಯಿರಿ. ಹ್ಯಾಮರ್ ಹಾಕಿದರೆ ಹಾಲೋ ಬ್ಲಾಕಿನ ತೆಳು ಗೋಡೆ ಒಳಗಡೆ ಚಕ್ಕೆಯಾಗಿ ಒಡೆದು, ವಾಲ್ ಪ್ಲಗ್ ಹಿಡಿಯುವುದೇ ಇಲ್ಲ. ಎಎಸಿಯಲ್ಲಿ ತೂತು ಅಗಲವಾಗಿ, ಸಂಜೆ ಹಾಕಿದ ಗೀಸರ್ ಬೆಳಗ್ಗೆ ಸಡಿಲವಾಗಿರುತ್ತದೆ. ಎಎಸಿಗೆಂದೇ ಉದ್ದವಾದ, ಅಗಲವಾಗಿ ಬಿಚ್ಚಿಕೊಳ್ಳುವ ಪ್ಲಗ್ ಸಿಗುತ್ತದೆ, ಅದನ್ನೇ ಕೇಳಿ ತನ್ನಿ. ಗೀಸರ್, ಓವರ್‌ಹೆಡ್ ಕಪಾಟಿನಂಥ ಭಾರಕ್ಕೆ ಈ ಎರಡು ಬಗೆಯ ಗೋಡೆಯಲ್ಲಿ ಸಾಮಾನ್ಯ ಪ್ಲಗ್ ನಂಬಬೇಡಿ. ಕೆಳಗೆ ನಿಲ್ಲುವುದು ಮನೆಯವರೇ.

ಕಲ್ಲಿನ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ಕೃಷ್ಣಗಿರಿ ಜಿಲ್ಲೆಯ ಕಲ್ಲು ಗ್ರಾನೈಟ್ ಜಾತಿಯದು. ಹೊರದೇಶಕ್ಕೆ ಹೋಗುವ ಕಲ್ಲೂ ನಮ್ಮ ಹಳೆ ಮನೆಯ ಗೋಡೆಯ ಕಲ್ಲೂ ಗಟ್ಟಿತನದಲ್ಲಿ ಅಣ್ಣತಮ್ಮಂದಿರು. 20 ಸಾವಿರದ ಬ್ಯಾಟರಿ ಡ್ರಿಲ್ ಆದರೂ ಇದರಲ್ಲಿ ಒಂದು ತೂತು ಹಾಕಲು ಒದ್ದಾಡುತ್ತದೆ, ಬಿಟ್ಟಿನ ತುದಿಯ ಕಾರ್ಬೈಡ್ ತುಂಡು ಹಾರಿಹೋಗುತ್ತದೆ. ಇಲ್ಲಿ ಬೇಕಾದದ್ದು ರೋಟರಿ ಹ್ಯಾಮರ್ ಎಂಬ ಬೇರೆ ಯಂತ್ರ. ಚಾವಣಿಯ ಚಪ್ಪಡಿಗಂತೂ ಯಾವ ಯಂತ್ರದಿಂದಲೂ ಕೊರೆಯಬೇಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಲ್ಲು ಒತ್ತಡ ತಡೆಯುತ್ತದೆ, ಬಾಗುವ ಎಳೆತ ತಡೆಯುವುದಿಲ್ಲ. ಎರಡು ಗೋಡೆಗಳ ನಡುವೆ ಮಲಗಿರುವ ಚಪ್ಪಡಿಯ ತಳಭಾಗ ಸದಾ ಎಳೆತದಲ್ಲೇ ಇರುತ್ತದೆ, ಫ್ಯಾನಿನ ಕೊಕ್ಕೆಗೆಂದು ನಾವು ಕುಟ್ಟುವುದೂ ಅಲ್ಲೇ. ಗೋಡೆಯಿಂದ ಗೋಡೆಗೆ ಒಂದು ಕಬ್ಬಿಣದ ಪೈಪು ಅಡ್ಡ ಹಾಕಿಸಿ ಅದಕ್ಕೆ ಫ್ಯಾನು ನೇತುಹಾಕಿ.

ಮೂರು ಯಂತ್ರ, ಒಂದೇ ಹೆಸರು

ಅಂಗಡಿಯಲ್ಲಿ ಡ್ರಿಲ್ ಎಂದರೆ ಮೂರು ಬೇರೆ ಬೇರೆ ಯಂತ್ರಗಳನ್ನು ತೋರಿಸಬಹುದು. ಮೊದಲನೆಯದು ಡ್ರಿಲ್ ಡ್ರೈವರ್. ತೂತು ಹಾಕುತ್ತದೆ, ಸ್ಕ್ರೂ ತಿರುಗಿಸುತ್ತದೆ, ಹ್ಯಾಮರ್ ಇಲ್ಲ. ಮರಗೆಲಸ, ಪ್ಲೈವುಡ್ ಕಪಾಟು, ಕಬ್ಬಿಣದ ತಗಡಿಗೆ ಇದು ಸಾಕು.

ಎರಡನೆಯದು ಹ್ಯಾಮರ್ ಡ್ರಿಲ್, ಇಂಪ್ಯಾಕ್ಟ್ ಡ್ರಿಲ್ ಎಂದೂ ಬರೆದಿರುತ್ತಾರೆ. ಒಳಗೆ ಹಲ್ಲುಗಳಿರುವ ಎರಡು ಚಕ್ರಗಳು ಒಂದರ ಮೇಲೊಂದು ಉಜ್ಜಿ ಕಟಕಟ ಎನ್ನುತ್ತವೆ. ನಿಮಿಷಕ್ಕೆ 25 ಸಾವಿರಕ್ಕೂ ಹೆಚ್ಚು ಬಡಿತ ಎಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಹಾಕಿರುತ್ತಾರೆ, ಆದರೆ ಒಂದೊಂದು ಬಡಿತವೂ ಚಿಕ್ಕದು. ಬಲ ನಮ್ಮ ತೋಳಿನಿಂದ ಬರಬೇಕು. ಮೂರನೆಯದಾದ ರೋಟರಿ ಹ್ಯಾಮರಿನಲ್ಲಿ ಪಿಸ್ಟನ್ ಗಾಳಿಯನ್ನು ಒತ್ತಿ ಒಳಗಿನ ಸುತ್ತಿಗೆಯನ್ನು ಹಾರಿಸಿ ಹೊಡೆಯುತ್ತದೆ. ಬಡಿತ ನಿಮಿಷಕ್ಕೆ ನಾಲ್ಕೈದು ಸಾವಿರವೇ ಇದ್ದರೂ ಒಂದೊಂದೂ ಗಟ್ಟಿ ಪೆಟ್ಟು. ಅದರ ಬಲವನ್ನು ಜೂಲ್ ಲೆಕ್ಕದಲ್ಲಿ ಬರೆದಿರುತ್ತಾರೆ. ಒತ್ತುವ ಅಗತ್ಯವಿಲ್ಲ, ಹಿಡಿದುಕೊಂಡರೆ ಸಾಕು. ಇದಕ್ಕೆ ಎಸ್‌ಡಿಎಸ್ ಪ್ಲಸ್ ಎಂಬ, ಹಿಡಿಯಲ್ಲಿ ಗಾಡಿ ಇರುವ ಬಿಟ್ಟುಗಳೇ ಬೇಕು, ಸಾಮಾನ್ಯ ಬಿಟ್ಟು ನೇರವಾಗಿ ಕೂರುವುದಿಲ್ಲ.

ಇಂಪ್ಯಾಕ್ಟ್ ಡ್ರೈವರ್ ಎಂಬ ಗಿಡ್ಡ ಮೂತಿಯ ಯಂತ್ರ ಇನ್ನೂ ಬೇರೆ. ಅದು ಸ್ಕ್ರೂ, ಬೋಲ್ಟ್ ಬಿಗಿಯುವುದಕ್ಕೆ, ಗೋಡೆಗೆ ಅಲ್ಲ. ಹೆಸರಿನಲ್ಲಿ ಇಂಪ್ಯಾಕ್ಟ್ ಇದೆಯೆಂದು ಮೋಸಹೋಗಬೇಡಿ.

ಹಾಗಾದರೆ ಯಾರಿಗೆ ಯಾವುದು? ವರ್ಷಕ್ಕೆರಡು ಬಾರಿ ಪರದೆ ಕಂಬಿ, ದೇವರ ಫೋಟೋ ನೇತುಹಾಕುವವರು ದುಬಾರಿ ಬ್ಯಾಟರಿ ಡ್ರಿಲ್ ಕೊಳ್ಳುವುದು ದಂಡ. ಎರಡು ಮೂರು ಸಾವಿರದ ವೈರ್ ಇರುವ ಡ್ರಿಲ್ ಸಾಕು. ಬಳಸದೆ ಇಟ್ಟರೂ ಬ್ಯಾಟರಿಗೆ ವಯಸ್ಸಾಗುತ್ತದೆ, ವೈರಿಗೆ ಆಗುವುದಿಲ್ಲ. ಅಡುಗೆಮನೆ, ಕಪಾಟು, ಬಾಗಿಲು ಎಂದು ಆರು ತಿಂಗಳ ಕೆಲಸ ಮುಂದಿದ್ದರೆ 18 ವೋಲ್ಟಿನ ಹ್ಯಾಮರ್ ಡ್ರಿಲ್ ಹಣಕ್ಕೆ ತಕ್ಕ ಕೆಲಸ ಕೊಡುತ್ತದೆ. ಕಲ್ಲಿನ ಗೋಡೆಗೆ, 10 ಮಿ.ಮೀ.ಗಿಂತ ದಪ್ಪ ಆಂಕರ್ ಬೋಲ್ಟಿಗೆ ರೋಟರಿ ಹ್ಯಾಮರನ್ನು ಒಂದೆರಡು ದಿನದ ಬಾಡಿಗೆಗೆ ತನ್ನಿ. ಎಲ್ಲದಕ್ಕೂ ಒಂದೇ ಯಂತ್ರ ಸಾಕೆಂದು ಯಾರಾದರೂ ಹೇಳಿದರೆ ಅವರ ಮನೆ ಇಟ್ಟಿಗೆಯದಿರಬೇಕು.

ಪೆಟ್ಟಿಗೆಯ ಬರಹ

ವೋಲ್ಟ್ ಮೊದಲು. ಲಿಥಿಯಂ ಸೆಲ್ಲು ಒಂದಕ್ಕೆ 3.6 ವೋಲ್ಟ್. ಐದು ಸೆಲ್ಲು ಸೇರಿದರೆ 18. ಕೆಲವು ಕಂಪನಿಗಳು ಅದನ್ನೇ '20 ವೋಲ್ಟ್ ಮ್ಯಾಕ್ಸ್' ಎನ್ನುತ್ತವೆ, ಪೂರ್ತಿ ಚಾರ್ಜ್ ಆದ ಗಳಿಗೆಯ ಲೆಕ್ಕ ಅದು. ಒಳಗೆ ಅದೇ ಐದು ಸೆಲ್ಲು. ಆದ್ದರಿಂದ 20 ದೊಡ್ಡದು, 18 ಚಿಕ್ಕದು ಎಂದು ಹೆಚ್ಚು ಹಣ ಕೊಡಬೇಡಿ. 12 ವೋಲ್ಟಿನದು ಮೂರು ಸೆಲ್ಲಿನದು. ಹಗುರವಾಗಿರುತ್ತದೆ, ಮರಗೆಲಸಕ್ಕೆ ಚೆಂದ, ಗೋಡೆಗೆ ಸಾಲದು.

ಎ‌ಎಚ್ ಎಂಬುದು ಬ್ಯಾಟರಿಯ ತೊಟ್ಟಿ ಎಷ್ಟು ದೊಡ್ಡದು ಎಂಬ ಲೆಕ್ಕ. ನಮ್ಮ ಸಲಹೆ, 5 ಎ‌ಎಚ್‌ನ ಒಂದು ಬ್ಯಾಟರಿಗಿಂತ 2 ಎ‌ಎಚ್‌ನ ಎರಡು ಮೇಲು. ಒಂದು ಚಾರ್ಜಿನಲ್ಲಿರುವಾಗ ಇನ್ನೊಂದರಲ್ಲಿ ಕೆಲಸ ಸಾಗುತ್ತದೆ, ಏಣಿಯ ಮೇಲೆ ಕೈಯೂ ಸೋಲುವುದಿಲ್ಲ.

ಟಾರ್ಕನ್ನು ಎನ್‌ಎಂ ಎಂದು ಬರೆಯುತ್ತಾರೆ, ತಿರುಚುವ ಬಲ. ಮನೆ ಕೆಲಸಕ್ಕೆ 50ರಿಂದ 65 ಧಾರಾಳವಾಯಿತು. ದುಬಾರಿ ಯಂತ್ರಗಳಲ್ಲಿ 100 ದಾಟುತ್ತದೆ. ಅದು ಹೆಮ್ಮೆಯ ವಿಷಯವಲ್ಲ, ಎಚ್ಚರಿಕೆಯ ವಿಷಯ. ಬಿಟ್ಟು ಗೋಡೆಯಲ್ಲಿ ಸಿಕ್ಕಿಕೊಂಡರೆ ಯಂತ್ರವೇ ಗಿರ್ರನೆ ತಿರುಗುತ್ತದೆ. 60 ಎನ್‌ಎಂ ಎಂದರೆ 20 ಸೆಂ.ಮೀ. ದೂರದಲ್ಲಿ ಹಿಡಿದ ಕೈಗೆ ಸುಮಾರು 30 ಕಿಲೋ ಎಳೆದಂತೆ. ಅರವತ್ತು ದಾಟಿದ ಮಣಿಕಟ್ಟಿಗೆ ಇಷ್ಟೇ ಸಾಕು. ಪೆಟ್ಟಿಗೆಯಲ್ಲಿ ಬರುವ ಪಕ್ಕದ ಹಿಡಿಯನ್ನು ಹಾಕಿಕೊಂಡೇ ಕೆಲಸ ಮಾಡಿ. ಸಿಕ್ಕಿಕೊಂಡಾಗ ತಾನೇ ನಿಲ್ಲುವ ವ್ಯವಸ್ಥೆ ಕೆಲವು ಮಾದರಿಗಳಲ್ಲಿ ಇದೆ. ಹೆಚ್ಚಿನ ಬೆಲೆಗೆ ಸಿಗುವ ನಿಜವಾದ ಸೌಲಭ್ಯ ಯಾವುದೆಂದರೆ ನಾವು ಇದನ್ನೇ ಹೇಳುತ್ತೇವೆ. ಬ್ರಷ್‌ಲೆಸ್ ಮೋಟಾರೂ ಒಳ್ಳೆಯದೇ. ಸವೆಯುವ ಕಾರ್ಬನ್ ಬ್ರಷ್ ಇಲ್ಲ, ಬಿಸಿ ಕಡಿಮೆ, ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಬ್ಯಾಟರಿಯ ಕುಲ. ನಾವು ಕೊಳ್ಳುವುದು ಒಂದು ಡ್ರಿಲ್ ಅಲ್ಲ, ಒಂದು ಬ್ಯಾಟರಿ ಮನೆತನ. ಮುಂದೆ ಗರಗಸ, ಗ್ರೈಂಡರ್, ರೋಟರಿ ಹ್ಯಾಮರ್ ಏನು ತಂದರೂ ಅದೇ ಬ್ಯಾಟರಿ ಕೂರುವಂತಿದ್ದರೆ ಬರೀ ಯಂತ್ರ ಕೊಂಡರೆ ಸಾಕು, ಖರ್ಚು ಎಷ್ಟೋ ಉಳಿಯುತ್ತದೆ. ಒಂದೇ ಕಂಪನಿಯೊಳಗೂ ಕುಲ ಬೇರೆ ಇರುತ್ತದೆ. ಬಾಷ್‌ನ ನೀಲಿ ಬಣ್ಣದ 18 ವೋಲ್ಟ್ ಬ್ಯಾಟರಿ ಅದೇ ಕಂಪನಿಯ ಹಸಿರು ಬಣ್ಣದ ಯಂತ್ರಕ್ಕೆ ಕೂರುವುದಿಲ್ಲ. ಮಕಿಟಾದ 18 ವೋಲ್ಟಿನದು 40 ವೋಲ್ಟಿನ ಯಂತ್ರಕ್ಕೆ ಆಗುವುದಿಲ್ಲ. ಅಂಗಡಿಯಲ್ಲೇ ಹಾಕಿಸಿ ನೋಡಿ.

ವಿದೇಶದಲ್ಲಿರುವ ಮಕ್ಕಳು ಬರುವಾಗ ತಂದುಕೊಡುತ್ತೇನೆ ಎನ್ನುವುದುಂಟು. ಅಮೆರಿಕದ ಚಾರ್ಜರ್ 120 ವೋಲ್ಟಿನದಾದರೆ ನಮ್ಮ 230 ವೋಲ್ಟಿಗೆ ಚುಚ್ಚಿದ ಕೂಡಲೇ ಸುಟ್ಟುಹೋಗುತ್ತದೆ. ಪ್ಲಗ್ಗಿನ ಅಡಾಪ್ಟರ್ ಪಿನ್ನಿನ ಆಕಾರ ಬದಲಾಯಿಸುತ್ತದೆ, ವೋಲ್ಟನ್ನಲ್ಲ. ಚಾರ್ಜರಿನ ಹಿಂದೆ 'ಇನ್‌ಪುಟ್' ಎಂದಿರುವ ಕಡೆ ಓದಲು ಮಕ್ಕಳಿಗೆ ಹೇಳಿ. ಬಿಡಿ ಬ್ಯಾಟರಿಯನ್ನು ವಿಮಾನದಲ್ಲಿ ಕೈಚೀಲದಲ್ಲೇ ತರಬೇಕು, ಚೆಕ್-ಇನ್ ಸಾಮಾನಿನಲ್ಲಿ ಬಿಡುವುದಿಲ್ಲ. 18 ವೋಲ್ಟ್, 5 ಎ‌ಎಚ್ ಎಂದರೆ 90 ವ್ಯಾಟ್ ಅವರ್. 100 ದಾಟಿದರೆ ವಿಮಾನ ಕಂಪನಿಯ ಅನುಮತಿ ಬೇಕು. ಅಲ್ಲಿನ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಹಣ ಕೊಡುವ ಮುಂಚೆಯೇ ವಿಚಾರಿಸಲಿ.

ಇನ್ನು ಅಂಗಡಿ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ಹೋದರೆ ಆಯ್ಕೆ ಹೆಚ್ಚು ನಿಜ. ಆದರೆ ಗಡಿಯ ಆಚೆ ತೆರಿಗೆ ಕಡಿಮೆ ಎಂಬ ಹಳೆಯ ಲೆಕ್ಕ ಈಗಿಲ್ಲ. 2017ರ ಜುಲೈ 1ರಿಂದ ಅತ್ತಿಬೆಲೆಯ ಆಚೆಗೂ ಈಚೆಗೂ ಜಿಎಸ್‌ಟಿ ದರ ಒಂದೇ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇನೆ ಎಂದರೆ ಬೇಡ ಎನ್ನಿ. ನಲವತ್ತು ವರ್ಷ ಕಡತ ನೋಡಿದವರ ಮಾತು ಎಂದು ತಿಳಿಯಿರಿ: ಬಿಲ್ಲಿನಲ್ಲಿ ಮಾದರಿ ಸಂಖ್ಯೆಯೂ ಯಂತ್ರದ ಮೇಲಿನ ಸೀರಿಯಲ್ ಸಂಖ್ಯೆಯೂ ಬರೆಸಿ, ಅಂದೇ ಒಂದು ಫೋಟೋ ತೆಗೆದಿಡಿ. ಕೊಂಡ ಕೆಲವೇ ವಾರಗಳೊಳಗೆ ಕಂಪನಿಯಲ್ಲಿ ನೋಂದಾಯಿಸಿದರೆ ವಾರಂಟಿ ಹೆಚ್ಚಾಗುವ ಯೋಜನೆಗಳಿವೆ, ಅದನ್ನೂ ಕೇಳಿ. ಸರ್ವಿಸ್ ಸೆಂಟರ್ ಹೊಸೂರಿನಲ್ಲಿದೆಯೇ, ಬೆಂಗಳೂರಿಗೇ ಹೊರಬೇಕೇ ಎಂಬುದನ್ನು ಮೊದಲೇ ತಿಳಿದುಕೊಳ್ಳಿ.

ಮೇನ್ ಆಫ್, ಇನ್ವರ್ಟರ್ ಆಫ್

ಬ್ಯಾಟರಿ ಡ್ರಿಲ್ಲಿನ ನಿಜವಾದ ಲಾಭ ವೈರ್ ಕಾಲಿಗೆ ಸುತ್ತಿಕೊಳ್ಳುವುದಿಲ್ಲ ಎಂಬುದಲ್ಲ. ಇಡೀ ಮನೆಯ ಕರೆಂಟ್ ನಿಲ್ಲಿಸಿ ಕೆಲಸ ಮಾಡಬಹುದು ಎಂಬುದು. ವೈರ್ ಇರುವ ಡ್ರಿಲ್ಲಿನಲ್ಲಿ ಇದು ಆಗದು. ಗೋಡೆಯೊಳಗೆ ಹೂತಿರುವ ಪಿವಿಸಿ ಪೈಪಿನಲ್ಲಿ ಹರಿಯುವ 230 ವೋಲ್ಟನ್ನು ಬಿಟ್ಟು ತಗುಲಿದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ಯಂತ್ರದ ಹಿಡಿ ಪ್ಲಾಸ್ಟಿಕ್ ಆದರೂ ಬಿಟ್ಟು, ಚಕ್ ಎಲ್ಲ ಲೋಹವೇ.

ಮೇನ್ ಆಫ್ ಮಾಡಿದೆವು, ಇನ್ನೇನು ಎಂದುಕೊಳ್ಳುವಂತಿಲ್ಲ. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಬಿದ್ದ ಮರುಕ್ಷಣವೇ ಅದು ಎದ್ದು ಗೋಡೆಯೊಳಗಿನ ವೈರುಗಳಿಗೆ ಕರೆಂಟ್ ಕೊಡುತ್ತದೆ. ಲೈಟು ಉರಿಯುತ್ತಿದ್ದರೆ ಗೋಡೆಯಲ್ಲಿ ಜೀವ ಇದೆ ಎಂದೇ ಅರ್ಥ. ಆದ್ದರಿಂದ ಇನ್ವರ್ಟರನ್ನೂ ಆಫ್ ಮಾಡಿ, ಸೋಲಾರ್ ಇದ್ದರೆ ಅದರ ಸ್ವಿಚ್ಚನ್ನೂ ತೆಗೆಯಿರಿ, ಹತ್ತಿರದ ಪಾಯಿಂಟಿನಲ್ಲಿ ಟೆಸ್ಟರ್ ಹಾಕಿ ನೋಡಿ, ಆಮೇಲೆ ಕೊರೆಯಿರಿ. ಹಗಲಿನಲ್ಲೇ ಕೆಲಸ ಇಟ್ಟುಕೊಳ್ಳಿ. ಯಾರೂ ಮತ್ತೆ ಹಾಕದಂತೆ ಮೇನ್ ಪಕ್ಕ ಮನೆಯವರೊಬ್ಬರನ್ನು ನಿಲ್ಲಿಸಿ.

ವೈರ್ ಸಾಮಾನ್ಯವಾಗಿ ಚಾವಣಿಯಿಂದ ಸ್ವಿಚ್ ಬೋರ್ಡಿಗೆ ನೇರವಾಗಿ ಇಳಿದಿರುತ್ತದೆ. ನೀರಿನ ಪೈಪು ನಲ್ಲಿಯ ಮೇಲೆ ಕೆಳಗೆ ಇರುತ್ತದೆ. ಬೋರ್ಡಿನ, ನಲ್ಲಿಯ ನೇರ ಮೇಲೆ, ಕೆಳಗೆ, ಪಕ್ಕದ ಸಾಲಿನಲ್ಲಿ ಒಂದು ಗೇಣು ಅಗಲ ಬಿಟ್ಟುಬಿಡಿ. ಆಮೇಲಾಮೇಲೆ ಸೇರಿಸಿದ ಪಾಯಿಂಟುಗಳಿಗೆ ವೈರನ್ನು ಓರೆಯಾಗಿಯೂ ಎಳೆದಿರುತ್ತಾರೆ, ಇದನ್ನು ನಂಬಿಕೊಂಡು ಮೇನ್ ಆನ್ ಇಡಬೇಡಿ. ಹೊಸದಾಗಿ ಕಟ್ಟಿಸುತ್ತಿರುವವರು ಗಾರೆ ಹಾಕುವ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆದು, ಕೋಣೆಯ ಹೆಸರು ಬರೆದು ಮನೆ ಪತ್ರದ ಕಡತದಲ್ಲೇ ಇಡಿ. ಮೊಮ್ಮಕ್ಕಳಿಗೂ ಉಪಯೋಗಕ್ಕೆ ಬರುತ್ತದೆ.

ಧೂಳಿನ ವಿಷಯವೂ ಪ್ರಾಣದ ವಿಷಯವೇ. ಗ್ರಾನೈಟ್, ಕಾಂಕ್ರೀಟ್ ಎರಡರ ಪುಡಿಯಲ್ಲೂ ಸಿಲಿಕಾ ಇರುತ್ತದೆ. ಕಲ್ಲುಕ್ವಾರಿಯಲ್ಲಿ ದುಡಿದವರ ಶ್ವಾಸಕೋಶ ಕಲ್ಲಾಗುವುದು ಇದರಿಂದಲೇ. ಒಂದೆರಡು ತೂತಿನಿಂದ ಅಷ್ಟಾಗುವುದಿಲ್ಲ, ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ದಿನವಿಡೀ ಕೊರೆಯುವವರು ಎನ್-95 ಮುಖಗವಸು ಹಾಕಲೇಬೇಕು. ಟವೆಲ್ ಸುತ್ತಿಕೊಂಡರೆ ಸಾಲದು. ತೂತಿನ ಪುಡಿಯನ್ನು ಬಾಯಿಂದ ಊದಬೇಡಿ, ಕಣ್ಣಿಗೇ ಬರುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಪಂಚೆ, ಶಾಲು, ಸೀರೆಯ ಸೆರಗು, ಸಡಿಲ ಕೈಗವಸು ಯಾವುದೂ ತಿರುಗುವ ಚಕ್ಕಿನ ಬಳಿ ಬೇಡ. ಸೆರಗನ್ನು ಸೊಂಟಕ್ಕೆ ಬಿಗಿದುಕೊಳ್ಳಿ.

ಕೊರೆಯುವ ಕ್ರಮ ಕಷ್ಟದ್ದಲ್ಲ. ಗುರುತು ಹಾಕಿ, ಚಕ್ ಬಿಗಿ ಮಾಡಿ, ಮೊದಲು ನಿಧಾನವಾಗಿ ಹ್ಯಾಮರ್ ಇಲ್ಲದೆ ಗುಂಡಿ ಮಾಡಿಕೊಂಡು ಆಮೇಲೆ ವೇಗ ಹೆಚ್ಚಿಸಿ. ನಡುನಡುವೆ ಬಿಟ್ಟನ್ನು ಹೊರಗೆಳೆದು ಪುಡಿ ಬೀಳಿಸಿ. ಪ್ಲಗ್ಗಿಗಿಂತ 5 ಮಿ.ಮೀ. ಹೆಚ್ಚು ಆಳ ಇರಲಿ. ಟೈಲ್ಸ್ ಮೇಲಾದರೆ ಟೇಪು ಅಂಟಿಸಿ, ಟೈಲ್ಸ್ ಬಿಟ್ಟಿನಿಂದ, ಹ್ಯಾಮರ್ ಇಲ್ಲದೆ ಟೈಲ್ಸ್ ದಾಟುವವರೆಗೆ ಹೋಗಿ. ಕಾಂಕ್ರೀಟ್ ತೊಲೆಯಲ್ಲಿ ಕಬ್ಬಿಣ ತಗುಲಿದರೆ ಹಠ ಹಿಡಿಯಬೇಡಿ, ಎರಡು ಇಂಚು ಸರಿಸಿ ಬೇರೆ ತೂತು ಹಾಕಿ. ಆ ಕಂಬಿಯೇ ಮನೆಯನ್ನು ಹೊತ್ತಿರುವುದು. ಮರಕ್ಕೆ ಸ್ಕ್ರೂ ಹಾಕುವಾಗ ಉಂಗುರದ ಮೇಲಿನ ಸಂಖ್ಯೆಯನ್ನು ಚಿಕ್ಕದಿಟ್ಟು ಶುರುಮಾಡಿ. ಟಕಟಕ ಎಂದು ಬಿಟ್ಟುಕೊಂಡರೆ ಒಂದೊಂದೇ ಏರಿಸಿ. ಬಿಟ್ಟು ಬದಲಿಸುವಾಗ ಬ್ಯಾಟರಿ ಕಳಚಿಡಿ.

ಬ್ಯಾಟರಿಗೆ ದೊಡ್ಡ ಶತ್ರು ಬಿಸಿಲು. ತಗಡಿನ ಶೆಡ್ಡಿನಲ್ಲಿ, ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಕೆಲಸ ಮಾಡಿ ಬಿಸಿಯಾದದ್ದನ್ನು ಆರಿಸಿ ಚಾರ್ಜಿಗೆ ಹಾಕಿ. ತಿಂಗಳುಗಟ್ಟಲೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ ಯಂತ್ರದಿಂದ ಬೇರ್ಪಡಿಸಿ ಇಡಿ. ಉಬ್ಬಿದ, ಬಿದ್ದು ಬಿರುಕು ಬಿಟ್ಟ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬಾರದು, ಕಸದ ಗಾಡಿಗೂ ಹಾಕಬಾರದು, ಬೆಂಕಿ ಹತ್ತುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ಹಿಂದೆ ಪಡೆದು ವಿಲೇವಾರಿ ಮಾಡುವ ಹೊಣೆ ಕಂಪನಿಯದು. ಬಿಲ್ಲಿನ ಪ್ರತಿಯೊಂದಿಗೆ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಒಯ್ಯುವಾಗ ಬ್ಯಾಟರಿಯ ಲೋಹದ ತುದಿಗಳ ಮೇಲೆ ಇನ್ಸುಲೇಷನ್ ಟೇಪು ಅಂಟಿಸಿಕೊಳ್ಳಿ.